ಬೆಳಕು ಬಂತು, ಚಿತ್ರ ಬರಲಿಲ್ಲ

ಸೋಯಾ ರಾಶಿ ಮುಗಿದು ತೊಗರಿ ಹೂವಿಗೆ ಬಂದಿದ್ದ ದಿನಗಳು. ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತಂದೆಯೊಡನೆ ಚಿಂತಾಕಿಯ ನಮ್ಮ ಮನೆಗೆ ಬಂದಳು. ಕೈಯಲ್ಲಿ ಟವೆಲಿನಲ್ಲಿ ಸುತ್ತಿದ ಲ್ಯಾಪ್‌ಟಾಪ್. ಔರಾದಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಿರುವ ಹುಡುಗಿ. ಎಂಟು ದಿನದಲ್ಲಿ ಪ್ರಾಜೆಕ್ಟ್ ವರದಿ ಒಪ್ಪಿಸಬೇಕು. ವರದಿಯೆಲ್ಲ ಆ ಯಂತ್ರದೊಳಗೇ ಇದೆ, ಬೇರೆಲ್ಲೂ ಪ್ರತಿ ಇಲ್ಲ.

"ಲೈಟ್ ಹತ್ತತದ್ರಿ ಸರ, ಫ್ಯಾನ್ ಭಿ ತಿರಗತದ. ಆದ್ರ ಏನೂ ಕಾಣಸವಲ್ದು" ಎಂದಳು.

ಬೀದರಿನ ಒಂದು ಅಂಗಡಿಯಲ್ಲಿ ತೋರಿಸಿಕೊಂಡೇ ಬಂದಿದ್ದರು. ಅಲ್ಲಿ ಐದು ನಿಮಿಷ ನೋಡಿ, ಮದರ್‌ಬೋರ್ಡ್ ಹೋಗಿದೆ, ಎಂಟೂವರೆ ಸಾವಿರ ಆಗುತ್ತದೆ ಎಂದಿದ್ದರಂತೆ. ತಂದೆಯ ಲೆಕ್ಕ ಬೇರೆ. "ಸೋಯಾ ಮಾರಿದ ರೊಕ್ಕ ಅದ ಸರ. ಅದಕ್ಕ ಎಂಟೂವರಿ ಹಾಕೋದಕಿಂತ ಇನ್ನೊಂದಿಷ್ಟು ಕೂಡಿಸಿ ಹೊಸದೇ ತಗೊಂಡ್ರ ಹ್ಯಾಂಗ್ರಿ?" ಎಂದು ಕೇಳಿದರು. ಹಿಂಗಾರಿಗೆ ಕಡಲೆ ಬೀಜ, ಗೊಬ್ಬರ ಎಂದು ಆ ಹಣಕ್ಕೆ ಬೇರೆ ದಾರಿಗಳು ಕಾದಿರುವುದು ನನಗೂ ಗೊತ್ತು, ಅವರಿಗೂ ಗೊತ್ತು. "ತಡೀರಿ, ಮೊದಲ ಏನ್ ಕೆಟ್ಟದ ಅಂತ ತಿಳಕೊಳ್ಳೋಣು" ಎಂದೆ.

ಯಂತ್ರ ಕೆಟ್ಟಿತು ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಇಡೀ ಯಂತ್ರ ಒಮ್ಮೆಲೇ ಕೆಡುವುದು ಅಪರೂಪ. ಯಾವುದೋ ಒಂದು ಭಾಗ ಕೆಲಸ ನಿಲ್ಲಿಸುತ್ತದೆ, ಅದರ ಮುಂದಿನವು ದಾರಿ ಕಾಯುತ್ತ ಕೂಡುತ್ತವೆ. ಬೀದರಿನ ನೌಬಾದಿನಲ್ಲಿರುವ ಕರೇಜ್ ಅನ್ನು ನಿಮ್ಮಲ್ಲಿ ಹಲವರು ನೋಡಿರಬೇಕು. ಬಹಮನಿ ಅರಸರ ಕಾಲದಲ್ಲಿ, ಹದಿನೈದನೆಯ ಶತಮಾನದಲ್ಲಿ, ಜಂಬಿಟ್ಟಿಗೆ ಕಲ್ಲಿನಲ್ಲಿ ಕೊರೆದ ನೆಲದಡಿಯ ಕಾಲುವೆ ಅದು. ನೀರು ತಾನಾಗಿಯೇ ಇಳಿಜಾರಿನಲ್ಲಿ ಹರಿಯುತ್ತದೆ, ಮೇಲೆ ಅಲ್ಲಲ್ಲಿ ಬಾವಿಯಂತೆ ನೆಟ್ಟಗೆ ಇಳಿಯುವ ಬಾಯಿಗಳಿವೆ. ಅಂಥ ಕಾಲುವೆಯ ಕೊನೆಯಲ್ಲಿ ನೀರು ಬರಲಿಲ್ಲವೆಂದರೆ ಉದ್ದಕ್ಕೂ ಅಗೆಯಬೇಕಾಗಿಲ್ಲ. ಒಂದೊಂದು ಬಾಯಿಯಲ್ಲಿ ಇಣುಕಿ ನೋಡಿದರೆ ಸಾಕು. ಈ ಬಾಯಿಯಲ್ಲಿ ನೀರಿದೆ, ಮುಂದಿನದರಲ್ಲಿ ಇಲ್ಲ ಎಂದಾದರೆ ಹೂಳು ಇವೆರಡರ ನಡುವೆ.

ಲ್ಯಾಪ್‌ಟಾಪಿನಲ್ಲೂ ಇಂಥ ಬಾಯಿಗಳುಂಟು. ಗುಂಡಿ ಒತ್ತಿದ ಕೂಡಲೇ ವಿಂಡೋಸ್ ಏಳುತ್ತದೆ ಎಂದು ಹುಡುಗರು ತಿಳಿದಿರುತ್ತಾರೆ. ಅದು ಕೊನೆಯ ಮಾತು. ಮೊದಲು ಚಾರ್ಜರಿನಿಂದಲೋ ಬ್ಯಾಟರಿಯಿಂದಲೋ ಬಂದ ವಿದ್ಯುತ್ತು ಬೋರ್ಡಿನ ಮೇಲೆ ಬೇರೆ ಬೇರೆ ವೋಲ್ಟೇಜುಗಳಾಗಿ ಹಂಚಿಕೆಯಾಗುತ್ತದೆ. ಆಮೇಲೆ ಪ್ರೊಸೆಸರ್ ಎಚ್ಚರಗೊಂಡು ಬೋರ್ಡಿನ ಮೇಲಿನ ಒಂದು ಪುಟ್ಟ ಚಿಪ್‌ನಲ್ಲಿ ಬರೆದಿಟ್ಟ ಆದೇಶಗಳನ್ನು ಓದುತ್ತದೆ. ಆ ಆದೇಶದ ಪ್ರಕಾರ ರ‍್ಯಾಮ್ ಅನ್ನು, ಅಂದರೆ ಕೆಲಸದ ಹೊತ್ತಿನ ತಾತ್ಕಾಲಿಕ ನೆನಪನ್ನು, ಪರೀಕ್ಷಿಸಿ ಸಜ್ಜುಗೊಳಿಸುತ್ತದೆ. ಅನಂತರ ಪರದೆಗೆ ಚಿತ್ರ ಕಳಿಸುತ್ತದೆ. ಕಂಪನಿಯ ಗುರುತು ಕಾಣುವುದು ಆಗ. ಇಷ್ಟಾದ ಮೇಲೆಯೇ ಡಿಸ್ಕಿನ ಸರದಿ, ಅದರಿಂದ ವಿಂಡೋಸ್. ಕಂಪನಿಯ ಗುರುತು ಬಂದು ಮುಂದೆ ಹೋಗದಿದ್ದರೆ ಡಿಸ್ಕಿನ ಅಥವಾ ವಿಂಡೋಸಿನ ಮೇಲೆ ಸಂಶಯ. ಗುರುತೇ ಬರದಿದ್ದರೆ ವಿಂಡೋಸ್ ಮತ್ತೆ ಹಾಕಿಸಿ ಏನೂ ಪ್ರಯೋಜನವಿಲ್ಲ. ಆದರೂ ಎಷ್ಟೋ ಜನ ಅದಕ್ಕೆ ಐನೂರು ರೂಪಾಯಿ ಕೊಟ್ಟು ಬಂದಿರುತ್ತಾರೆ.

ಸ್ಕ್ರೂ ಬಿಚ್ಚದೆ ಮಾಡಬಹುದಾದ ಪರೀಕ್ಷೆಗಳನ್ನು ಮೊದಲು ಮಾಡಿದೆವು. ಚಾರ್ಜರಿನ ಬೆನ್ನ ಮೇಲೆ 19.5 ವೋಲ್ಟ್, 3.33 ಆಂಪಿಯರ್ ಎಂದು ಬರೆದಿತ್ತು. ಗುಣಿಸಿದರೆ 65 ವ್ಯಾಟ್, ಹತ್ತನೆಯ ತರಗತಿಯ ಲೆಕ್ಕವೇ. ಶಾಲೆಯ ಮಲ್ಟಿಮೀಟರಿನಲ್ಲಿ ನೋಡಿದರೆ 19.4 ತೋರಿಸಿತು. ಚಾರ್ಜರ್ ಚೆನ್ನಾಗಿದೆ. (ಬೇರೆ ಚಾರ್ಜರ್ ಕೊಳ್ಳುವವರು ವೋಲ್ಟ್ ಅಷ್ಟೇ ಇರುವಂತೆ ನೋಡಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಬೇಕು, ಕಡಿಮೆ ಇರಬಾರದು. ಸಾಕೆಟ್ಟಿಗೆ ಹೊಂದುವುದಿಲ್ಲವೆಂದು ಮೂರನೆಯ ದಪ್ಪ ಪಿನ್ ಅನ್ನು ಇಕ್ಕಳದಿಂದ ಮುರಿಯುವ ರೂಢಿ ನಮ್ಮ ಕಡೆ ಬಹಳ. ಅದು ಅರ್ಥಿಂಗಿನದು, ಮುರಿಯಬೇಡಿ.) ಅನಂತರ ಚಾರ್ಜರ್ ತೆಗೆದು ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದೆವು. ಬೋರ್ಡಿನಲ್ಲಿ ಉಳಿದ ಅಷ್ಟಿಷ್ಟು ವಿದ್ಯುದಂಶ ಇಳಿದುಹೋಗಿ, ತಬ್ಬಿಬ್ಬಾದ ಯಂತ್ರ ಕೆಲವೊಮ್ಮೆ ಇಷ್ಟಕ್ಕೇ ಸರಿಯಾಗುತ್ತದೆ. ಇದು ಆಗಲಿಲ್ಲ.

ಆಮೇಲೆ ಟಾರ್ಚ್. ಕೋಣೆಯ ದೀಪ ಆರಿಸಿ, ಲ್ಯಾಪ್‌ಟಾಪ್ ಚಾಲೂ ಮಾಡಿ, ಪರದೆಯ ಮೇಲೆ ಟಾರ್ಚನ್ನು ಓರೆಯಾಗಿ ಹಿಡಿದೆ. ಎಲ್‌ಸಿಡಿ ಪರದೆಗೆ ಸ್ವಂತ ಬೆಳಕಿಲ್ಲ. ಹಿಂದಿನ ಎಲ್‌ಇಡಿ ದೀಪಗಳ ಬೆಳಕನ್ನು ಅದು ಬೇಕಾದಲ್ಲಿ ಬಿಟ್ಟು ಬೇಡವಾದಲ್ಲಿ ತಡೆಯುತ್ತದೆ, ಅಷ್ಟೇ. ಆ ದೀಪಗಳು ಮಾತ್ರ ಕೆಟ್ಟಿದ್ದರೆ ಟಾರ್ಚಿನ ಬೆಳಕಿನಲ್ಲಿ ಚಿತ್ರ ಮಸುಕಾಗಿ ಕಾಣಬೇಕು. ಏನೂ ಕಾಣಲಿಲ್ಲ. ಮರುದಿನ ಶಾಲೆಯ ದೊಡ್ಡ ಟಿ.ವಿ.ಗೆ ಎಚ್‌ಡಿಎಂಐ ತಂತಿಯಿಂದ ಜೋಡಿಸಿದೆವು. ಅಲ್ಲಿಯೂ ಕತ್ತಲೆ. ಕ್ಯಾಪ್ಸ್ ಲಾಕ್ ಗುಂಡಿ ಒತ್ತಿದರೆ ಅದರ ಪುಟ್ಟ ದೀಪ ಹತ್ತಿ ಆರಬೇಕು, ಅದೂ ಇಲ್ಲ. ಹಾಗಾದರೆ ತಪ್ಪು ಪರದೆಯದಲ್ಲ. ವಿದ್ಯುತ್ತಿನ ಬಾಯಿಯಲ್ಲಿ ನೀರಿದೆ, ಚಿತ್ರದ ಬಾಯಿಯಲ್ಲಿ ಇಲ್ಲ. ನಡುವೆ ಉಳಿದವು ಪ್ರೊಸೆಸರ್, ಬೋರ್ಡ್ ಮತ್ತು ರ‍್ಯಾಮ್. ಮೊದಲಿನ ಎರಡನ್ನು ಮುಟ್ಟಲು ನನಗೆ ಬರುವುದಿಲ್ಲ. ಮೂರನೆಯದನ್ನು ಕೈಯಿಂದ ತೆಗೆದು ಹಾಕಬಹುದು. ಯಾವುದನ್ನು ನೋಡುವುದು ಸುಲಭವೋ, ಅಗ್ಗವೋ, ಇದ್ದ ಹಾಗೆ ಮರಳಿ ಇಡಲು ಬರುತ್ತದೆಯೋ ಅದನ್ನು ಮೊದಲು ನೋಡುವುದು ವಾಡಿಕೆ.

ವಾರಂಟಿ ಮುಗಿದು ಎರಡು ವರ್ಷವಾಗಿದ್ದರಿಂದ ಬಿಚ್ಚಲು ಅಡ್ಡಿ ಇರಲಿಲ್ಲ. ವಾರಂಟಿ ಇದ್ದಿದ್ದರೆ ನಾನು ಮುಟ್ಟುತ್ತಲೇ ಇರಲಿಲ್ಲ. ಚಾರ್ಜರ್ ಕಿತ್ತು, ಅಡಿಯ ಮುಚ್ಚಳ ತೆಗೆದು, ಮೊಟ್ಟಮೊದಲು ಬ್ಯಾಟರಿಯ ಜೋಡಣೆ ಬಿಡಿಸಿದೆ. ಆಮೇಲೆ ಹಾರ್ಡ್ ಡಿಸ್ಕ್ ಹೊರತೆಗೆದು, ಯುಎಸ್‌ಬಿ ತಂತಿಯಿರುವ ಒಂದು ಪೆಟ್ಟಿಗೆಯಲ್ಲಿ ಇಟ್ಟು ಶಾಲೆಯ ಕಂಪ್ಯೂಟರಿಗೆ ಜೋಡಿಸಿದೆ. ವರದಿ ಇತ್ತು. ಅದರ ಜೊತೆ ಮೂರು ವರ್ಷದ ಟಿಪ್ಪಣಿಗಳು, ಅಜ್ಜಿಯ ಫೋಟೋಗಳು ಎಲ್ಲ ಇದ್ದವು. ಪೆನ್‌ಡ್ರೈವಿಗೆ ಪ್ರತಿ ಮಾಡಿ ಕೊಟ್ಟಾಗಲೇ ಹುಡುಗಿಯ ಮುಖ ತಿಳಿಯಾಯಿತು. ಪಾಲಕರು ಯಂತ್ರದ ಬೆಲೆ ನೋಡುತ್ತಾರೆ, ಮಕ್ಕಳ ಜೀವ ಅದರೊಳಗಿನ ಬರಹದಲ್ಲಿರುತ್ತದೆ. ಈಚಿನ ಕೆಲವು ಯಂತ್ರಗಳಲ್ಲಿ ವಿಂಡೋಸ್ ಡಿಸ್ಕಿಗೆ ತಾನೇ ಬೀಗ ಹಾಕಿರುತ್ತದೆ. ಅದನ್ನು ಬೇರೆಡೆ ತೆರೆಯಲು 48 ಅಂಕಿಗಳ ಒಂದು ಸಂಖ್ಯೆ ಬೇಕು. ಮೈಕ್ರೋಸಾಫ್ಟ್ ಖಾತೆಯಲ್ಲಿ ಆ ಸಂಖ್ಯೆ ಸಾಮಾನ್ಯವಾಗಿ ಇರುತ್ತದೆ. ಯಂತ್ರ ನೆಟ್ಟಗಿರುವಾಗಲೇ ನೋಡಿ ಬರೆದಿಟ್ಟುಕೊಳ್ಳಿ.

ನಮ್ಮ ಕಡೆಯ ಚಳಿಗಾಲದ ಗಾಳಿ ಬಹಳ ಒಣ. ಸ್ವೆಟರ್ ಕಳಚಿದರೆ ಚಟಚಟ ಎನ್ನುತ್ತದೆ. ನಮ್ಮ ಬೆರಳಿಗೆ ಚುರುಕ್ ಎನ್ನಬೇಕಾದರೆ ಸುಮಾರು ಮೂರು ಸಾವಿರ ವೋಲ್ಟ್ ಬೇಕು. ಮೆಮೊರಿ ಚಿಪ್ಪಿಗೆ ಅದಕ್ಕಿಂತ ಬಹಳ ಕಡಿಮೆಯೂ ಮಾರಕವಾಗಬಹುದು, ಆಗ ನಮಗೆ ಗೊತ್ತೂ ಆಗುವುದಿಲ್ಲ. ಸ್ವೆಟರ್ ತೆಗೆದಿಟ್ಟು, ಕಿಟಕಿಯ ಕಬ್ಬಿಣದ ಸರಳು ಮುಟ್ಟಿ, ಹತ್ತಿ ಬಟ್ಟೆ ಹಾಸಿದ ಮೇಜಿನ ಮೇಲೆ ಕೂತೆ.

ಫ್ಯಾನಿನ ಬಾಯಿಯಲ್ಲಿ ಔರಾದ ಕಡೆಯ ಕರಿಮಣ್ಣಿನ ಧೂಳು ಕಂಬಳಿಯ ಹಾಗೆ ಹೆಣೆದುಕೊಂಡಿತ್ತು, ಅದರಲ್ಲಿ ಮಳೆಗಾಲದ ಒಂದೆರಡು ದೀಪದ ಹುಳಗಳೂ ಇದ್ದವು. ಹುಳವೆಂದರೆ ನೆನಪಾಗುತ್ತದೆ. 1947ರ ಸೆಪ್ಟೆಂಬರ್ 9ರಂದು ಅಮೆರಿಕದಲ್ಲಿ ಹಾರ್ವರ್ಡ್ ಮಾರ್ಕ್ 2 ಎಂಬ ಕೋಣೆಯಷ್ಟು ದೊಡ್ಡ ಗಣಕಯಂತ್ರ ತಪ್ಪು ಮಾಡತೊಡಗಿದಾಗ, ಹುಡುಕುತ್ತ ಹೋದವರಿಗೆ ಒಂದು ರಿಲೇಯೊಳಗೆ ಸಿಕ್ಕಿದ್ದು ಸತ್ತ ಪತಂಗ. ಅದನ್ನು ದಿನಚರಿಯ ಪುಟಕ್ಕೆ ಅಂಟಿಸಿಟ್ಟರು. ಆ ಪುಟ ಇಂದಿಗೂ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. ಕಂಪ್ಯೂಟರ್ ದೋಷಕ್ಕೆ 'ಬಗ್' ಎನ್ನುವುದು ಅಲ್ಲಿಂದಲೇ ಶುರುವಾಯಿತೆಂದು ಹೇಳುವುದುಂಟು. ಅದು ಪೂರಾ ನಿಜವಲ್ಲ, ಎಡಿಸನ್ ಆ ಮಾತನ್ನು ಎಷ್ಟೋ ವರ್ಷ ಮೊದಲೇ ಬಳಸುತ್ತಿದ್ದ. ನನಗೆ ಹಿಡಿಸಿದ್ದು ಅವರು ಬರೆದಿಟ್ಟ ರೀತಿ. ದಿನಾಂಕ, ಹೊತ್ತು, ಯಾವ ರಿಲೇ ಎಂಬುದೆಲ್ಲ ಅದರಲ್ಲಿದೆ.

ನಾನು ಹಾಗೆ ಬರೆದಿಡಲಿಲ್ಲ. ಅಲ್ಲಿಯೇ ತಪ್ಪಿದೆ.

ಆ ಯಂತ್ರದಲ್ಲಿ ತಲಾ 4 ಜಿಬಿಯ ಎರಡು ರ‍್ಯಾಮ್ ಪಟ್ಟಿಗಳಿದ್ದವು. ಎರಡನ್ನೂ ಹೊರತೆಗೆದೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಅವುಗಳ ಚಿನ್ನದ ಲೇಪದ ಅಂಚು ಒರೆಸಿದೆ. (ಪೆನ್ಸಿಲ್ ರಬ್ಬರಿನಿಂದ ಉಜ್ಜುವವರೇ ಹೆಚ್ಚು. ಲೇಪ ಬಹು ತೆಳು, ಒರಟು ರಬ್ಬರ್ ಅದನ್ನೇ ಕೆರೆದುಬಿಡಬಹುದು.) ಹಾಗೆಯೇ ಫ್ಯಾನಿನ ಧೂಳು ತೆಗೆದೆ, ಪರದೆಯ ತಂತಿಯನ್ನು ಒತ್ತಿ ಕೂಡಿಸಿದೆ, ಬ್ಯಾಟರಿಯ ಜೋಡಣೆ ಬಿಡಿಸಿ ಹಾಕಿದ್ದಂತೂ ಆಗಿತ್ತು. ಎಲ್ಲ ಮರಳಿ ಜೋಡಿಸಿ ಗುಂಡಿ ಒತ್ತಿದರೆ, ಚಿತ್ರ ಬಂತು! ತಂದೆ ನನ್ನ ಕೈ ಹಿಡಿದುಕೊಂಡರು. ಮನೆಯವರು ಚಹಾ ಮಾಡಿದರು. ನಾನೂ ಸ್ವಲ್ಪ ಉಬ್ಬಿದೆ.

ಮೂರನೆಯ ದಿನ ಬೆಳಿಗ್ಗೆ ಅದೇ ಟವೆಲ್, ಅದೇ ಲ್ಯಾಪ್‌ಟಾಪ್, ಅದೇ ಕತ್ತಲೆ.

ಅಂದು ನನಗೆ ನಿಜವಾಗಿ ನಾಚಿಕೆಯಾಯಿತು. ಲೋಲಕದ ಪ್ರಯೋಗ ಮಾಡಿಸುವಾಗ ದಾರದ ಉದ್ದ ಬದಲಿಸಿದರೆ ಗುಂಡು ಬದಲಿಸಬೇಡಿ, ಗುಂಡು ಬದಲಿಸಿದರೆ ಉದ್ದ ಹಾಗೆಯೇ ಇರಲಿ ಎಂದು ಇಪ್ಪತ್ತೈದು ವರ್ಷಗಳಿಂದ ಹೇಳುತ್ತಿರುವವನು ನಾನು. ಇಲ್ಲಿ ನಾಲ್ಕು ಬದಲಾವಣೆಗಳನ್ನು ಒಟ್ಟಿಗೆ ಮಾಡಿ, ಫಲ ಬಂದಾಗ ಕಾರಣ ಕೇಳದೆ ಚಹಾ ಕುಡಿದಿದ್ದೆ. ಯಾವುದರಿಂದ ಸರಿಯಾಯಿತೆಂದು ಗೊತ್ತಿಲ್ಲದ್ದರಿಂದ ಯಾವುದರಿಂದ ಮತ್ತೆ ಕೆಟ್ಟಿತೆಂದೂ ಗೊತ್ತಿಲ್ಲ. ಅವರ ಎಂಟು ದಿನಗಳಲ್ಲಿ ಮೂರು ನನ್ನಿಂದ ಹೋಗಿದ್ದವು. ಪೆನ್‌ಡ್ರೈವಿನಲ್ಲಿ ಪ್ರತಿ ಇದ್ದದ್ದರಿಂದ ಬಚಾವು.

ಈ ಸಲ ನೋಟ್‌ಬುಕ್ ತೆರೆದು ಹುಡುಗಿಯ ಕೈಗೆ ಪೆನ್ ಕೊಟ್ಟೆ. ಪಟ್ಟಿಗಳಿಗೆ ಒಂದು, ಎರಡು ಎಂದು ಚೀಟಿ ಅಂಟಿಸಿದೆವು. ಅವು ಕೂಡುವ ಗೂಡುಗಳಿಗೆ ಎಡ, ಬಲ ಎಂದು ಹೆಸರು. ಒಂದು ಸಲಕ್ಕೆ ಒಂದೇ ಪಟ್ಟಿ, ಒಂದೇ ಗೂಡು. ಪ್ರತಿ ಸಲವೂ ಚಾರ್ಜರ್, ಬ್ಯಾಟರಿ ಎರಡನ್ನೂ ಬಿಡಿಸಿಯೇ ಪಟ್ಟಿ ಮುಟ್ಟುವುದು. ಪ್ರತಿ ಜೋಡಿಯನ್ನೂ ಮೂರು ಸಲ ಚಾಲೂ ಮಾಡಿ ನೋಡುವುದು, ಒಮ್ಮೆ ಹತ್ತಿತೆಂದು ನಂಬುವ ಚಟ ನನಗೆ ಬಿಟ್ಟಿತ್ತು. ರ‍್ಯಾಮ್ ಬದಲಿಸಿದ ಮೇಲೆ ಮೊದಲ ಸಲ ಯಂತ್ರ ಅದನ್ನು ಅಳೆದು ಹೊಂದಿಸಿಕೊಳ್ಳಲು ಹೊತ್ತು ಹಿಡಿಯುತ್ತದೆ, ಒಂದೆರಡು ನಿಮಿಷ ಕಾಯದೆ ಆಗಲಿಲ್ಲ ಎಂದುಬಿಡಬಾರದು. ಹುಡುಗಿ ಬರೆದುಕೊಂಡಳು: ಒಂದನೆಯ ಪಟ್ಟಿ ಎಡ ಗೂಡಿನಲ್ಲಿ, ಮೂರು ಸಲವೂ ಚಿತ್ರ. ಒಂದನೆಯದು ಬಲ ಗೂಡಿನಲ್ಲಿ, ಮೂರು ಸಲವೂ ಚಿತ್ರ. ಎರಡನೆಯದು ಎಡದಲ್ಲಿ, ಮೂರು ಸಲವೂ ಕತ್ತಲೆ. ಎರಡನೆಯದು ಬಲದಲ್ಲಿ, ಎರಡು ಸಲ ಕತ್ತಲೆ, ಒಂದು ಸಲ ಚಿತ್ರ ಬಂದು ಹತ್ತು ನಿಮಿಷದಲ್ಲಿ ಯಂತ್ರ ನಿಂತಿತು.

"ಗೂಡು ಎರಡೂ ಚಲೋ ಅವ. ಎರಡನೇ ಪಟ್ಟೀನೇ ಕೆಟ್ಟದ್ರಿ" ಎಂದು ನಾನು ಹೇಳುವ ಮೊದಲೇ ಅವಳು ಹೇಳಿದಳು. ಒಮ್ಮೊಮ್ಮೆ ಹತ್ತಿ ಒಮ್ಮೊಮ್ಮೆ ಹತ್ತದೆ ನಮ್ಮನ್ನು ಮೂರು ದಿನ ಮರುಳು ಮಾಡಿದ್ದೂ ಅದೇ. ಬಿಸಿಗೆ ಹಿಗ್ಗಿ ತಂಪಿಗೆ ಕುಗ್ಗಿ, ಒಳಗೆಲ್ಲೋ ಒಂದು ಬೆಸುಗೆ ಕೂದಲೆಳೆಯಷ್ಟು ಬಿಟ್ಟಿರಬಹುದು. ಅದು ನನ್ನ ಊಹೆ, ಕಣ್ಣಿಗೆ ಕಂಡದ್ದಲ್ಲ. ಒಂದನೆಯ ಪಟ್ಟಿಯೊಂದನ್ನೇ ಹಾಕಿ ಮನೆಗೆ ಕಳಿಸಿದೆ. ನಿಧಾನವಾಯಿತು, ಆದರೆ ನಿಲ್ಲಲಿಲ್ಲ. ವರದಿ ಹೊತ್ತಿಗೆ ಸರಿಯಾಗಿ ಹೋಯಿತು.

ಎಲ್ಲ ಲ್ಯಾಪ್‌ಟಾಪಿನಲ್ಲೂ ಹೀಗೆ ಮಾಡಲಾಗದು. ತೆಳ್ಳನೆಯ ಹೊಸ ಯಂತ್ರಗಳು ಹಲವಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ. ಕೊಳ್ಳುವಾಗಲೇ ರ‍್ಯಾಮ್ ಬದಲಿಸಲು ಬರುತ್ತದೆಯೇ ಎಂದು ಕೇಳುವುದು ಒಳ್ಳೆಯದು. ಬಣ್ಣ ಕೇಳುತ್ತೇವೆ, ಇದನ್ನು ಕೇಳುವುದಿಲ್ಲ.

ಆ ಅಂಗಡಿಯವರು ಮೋಸ ಮಾಡಿದರೇ ಎಂದು ತಂದೆ ಕೇಳಿದರು. ನನಗೆ ಹಾಗನ್ನಿಸುವುದಿಲ್ಲ. ನಾನು ಒಂದು ಸಂಜೆಯನ್ನೆಲ್ಲ ಕಳೆದು ಹನ್ನೆರಡು ಸಲ ಗುಂಡಿ ಒತ್ತಿದೆ. ಮುಂದೆ ಇಪ್ಪತ್ತು ಯಂತ್ರಗಳನ್ನು ಇಟ್ಟುಕೊಂಡವನಿಗೆ ಆ ಸಂಜೆಯ ಕೂಲಿ ಯಾರು ಕೊಡುತ್ತಾರೆ? ನಾಡಿ ನೋಡಿದ್ದಕ್ಕೆ ಡಾಕ್ಟರಿಗೆ ಫೀ ಕೊಡುವ ನಾವು, ಯಂತ್ರ ನೋಡಿದ್ದಕ್ಕೆ ಕೊಡು ಎಂದರೆ ಜಗಳಕ್ಕೆ ನಿಲ್ಲುತ್ತೇವೆ. ಭಾಗ ಮಾರಿದರೆ ಮಾತ್ರ ಅವನಿಗೆ ಗಳಿಕೆ ಎಂದಾದಾಗ ದೊಡ್ಡ ಭಾಗವೇ ಬಾಯಿಗೆ ಬರುತ್ತದೆ. ಪರೀಕ್ಷೆಗೆಂದು ಇನ್ನೂರು, ಮುನ್ನೂರು ರೂಪಾಯಿ ಬೇರೆಯಾಗಿ ಕೊಡುತ್ತೇವೆ, ಏನು ಏನು ನೋಡಿದಿರಿ, ಏನು ಕಂಡಿತು ಎಂದು ಹೇಳಿ ಎಂದು ಕೇಳಿ. ಬೋರ್ಡ್ ಹೋಗಿದೆ ಎಂದರೆ, ರ‍್ಯಾಮ್ ಬದಲಿಸಿ ನೋಡಿದಿರಾ, ಹೊರಗಿನ ಪರದೆಗೆ ಹಚ್ಚಿದಿರಾ ಎಂದು ಕೇಳುವುದರಲ್ಲಿ ಅವಮಾನವೇನಿಲ್ಲ. ಬಲ್ಲವನು ಸಿಟ್ಟಾಗುವುದಿಲ್ಲ.

ಮನೆಯಲ್ಲಿ ಮುಟ್ಟಬಾರದ ಕೆಲಸಗಳೂ ಇವೆ. ಕಳೆದ ಬೇಸಿಗೆಯಲ್ಲಿ ನೆರೆಮನೆಯ ಹುಡುಗನ ಲ್ಯಾಪ್‌ಟಾಪ್ ಚಾರ್ಜ್ ಆಗುವುದನ್ನು ನಿಲ್ಲಿಸಿತು. ತಂತಿಯನ್ನು ಒಂದು ಕಡೆ ಬಾಗಿಸಿ ಹಿಡಿದರೆ ಮಾತ್ರ ದೀಪ ಹತ್ತುತ್ತಿತ್ತು. ಚಾರ್ಜರ್ ಚುಚ್ಚುವ ಜ್ಯಾಕ್ ಬೋರ್ಡಿನಿಂದ ಬಿಟ್ಟಿದೆಯೆಂದು ಗೊತ್ತಾಯಿತು, ಬೆಸೆಯುವ ಕೈ ನನಗಿಲ್ಲ. ಔರಾದಿನಲ್ಲಿ ಮೊಬೈಲ್ ರಿಪೇರಿ ಮಾಡುವ ಒಬ್ಬ ತರುಣ, ಭೂತಗನ್ನಡಿ ಇಟ್ಟುಕೊಂಡು, ಅರ್ಧ ಗಂಟೆಯಲ್ಲಿ ನಾನೂರು ರೂಪಾಯಿಗೆ ಮಾಡಿಕೊಟ್ಟ. ಇಂಥ ಕೆಲಸ ಎಂಟು ಮೈಲಿ ದೂರವಾದರೂ ಕೈ ಬಲ್ಲವನಲ್ಲಿಗೇ ಹೋಗಬೇಕು.

ಬ್ಯಾಟರಿ ಉಬ್ಬಿದ್ದರಂತೂ ಯಾರೂ ಜಾಣತನ ತೋರಿಸಬಾರದು. ಮೌಸ್‌ಪ್ಯಾಡ್ ಮೇಲೆದ್ದರೆ, ಮುಚ್ಚಳ ಸರಿಯಾಗಿ ಕೂಡದಿದ್ದರೆ, ಚಾರ್ಜ್ ಮಾಡುವುದನ್ನು ಅಂದೇ ನಿಲ್ಲಿಸಿ. ಒಳಗೆ ಅನಿಲ ತುಂಬಿದೆ ಎಂದು ಅರ್ಥ. ಒತ್ತುವುದು, ಚುಚ್ಚಿ ಗಾಳಿ ಬಿಡುವುದು ಬೆಂಕಿಗೆ ಆಹ್ವಾನ. ಲಿಥಿಯಂ ಬ್ಯಾಟರಿ ಹುಡುಗಾಟವಲ್ಲ. ಬೆಂಕಿಯ ಭಯಕ್ಕೆ 2006ರ ಆಗಸ್ಟ್‌ನಲ್ಲಿ ಡೆಲ್ ಕಂಪನಿ ಸೋನಿ ತಯಾರಿಸಿದ ಕೋಶಗಳಿದ್ದ 41 ಲಕ್ಷ ಲ್ಯಾಪ್‌ಟಾಪ್ ಬ್ಯಾಟರಿಗಳನ್ನು ಹಿಂದಕ್ಕೆ ಕರೆಸಿಕೊಂಡಿತ್ತು.

ಅಂಗಡಿಯಲ್ಲಿ ಬಿಟ್ಟುಬರುವಾಗ ಯಂತ್ರದ ಅಡಿಯಲ್ಲಿರುವ ಕ್ರಮಸಂಖ್ಯೆಯನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಬದಲಿಸಿದ ಹಳೆಯ ಭಾಗವನ್ನು ಮರಳಿ ಕೇಳಿ, ಬಿಲ್ಲಿನಲ್ಲಿ ಹೊಸ ಭಾಗದ ಗ್ಯಾರಂಟಿ ಎಷ್ಟು ತಿಂಗಳೆಂದು ಇರಲಿ. ಹೆಣ್ಣುಮಕ್ಕಳ ಪಾಲಕರಿಗೆ ಒಂದು ಮಾತು: ಹಾರ್ಡ್‌ವೇರ್ ರಿಪೇರಿಗೆ ಪಾಸ್‌ವರ್ಡ್ ಹೆಚ್ಚಿನ ಸಲ ಬೇಕಾಗುವುದಿಲ್ಲ. ಡಿಸ್ಕ್ ತೆಗೆದಿಟ್ಟುಕೊಂಡೇ ಯಂತ್ರ ಕೊಡಬಹುದಾದರೆ ಹಾಗೆಯೇ ಕೊಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈಯಿಂದ ಜಾರಿಯಲ್ಲಿದೆ. ರಿಪೇರಿಯೂ ಅದರ ಪ್ರಕಾರ ಒಂದು ಸೇವೆ. ಮಾತಿನಲ್ಲಿ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಬೀದರಿನಲ್ಲಿ ಜಿಲ್ಲಾ ಗ್ರಾಹಕರ ಆಯೋಗವಿದೆ. ಬಿಲ್ ಇಲ್ಲದೆ ಅಲ್ಲಿ ಹೋಗಿ ಹೇಳಲು ಏನೂ ಉಳಿದಿರುವುದಿಲ್ಲ.

ವರದಿ ಒಪ್ಪಿಸಿದ ಮರುವಾರ ತಂದೆ, ಮಗಳು ಕೌಠಾ ಸೇತುವೆ ದಾಟಿ ಬೀದರಿನ ಅದೇ ಅಂಗಡಿಗೆ ಹೋದರು. ಎಂಟೂವರೆ ಸಾವಿರ ಹೇಳಿದ್ದಾತ ನೋಟ್‌ಬುಕ್ಕಿನ ಪುಟ ಓದಿ, ಕೆಟ್ಟ ಪಟ್ಟಿಯನ್ನು ತಾನೂ ಒಂದು ಯಂತ್ರದಲ್ಲಿ ಹಾಕಿ ನೋಡಿ, ಬಳಸಿದ ಒಂದು 4 ಜಿಬಿ ಪಟ್ಟಿಯನ್ನು ಹನ್ನೆರಡು ನೂರಕ್ಕೆ ಕೊಟ್ಟನಂತೆ, ಮೂರು ತಿಂಗಳ ಗ್ಯಾರಂಟಿ ಬರೆದು. ಕೆಟ್ಟ ಪಟ್ಟಿಯನ್ನು ಹುಡುಗಿ ನನಗೆ ತಂದುಕೊಟ್ಟಳು. ಈಗ ಅದು ನಮ್ಮ ಪ್ರಯೋಗಶಾಲೆಯಲ್ಲಿದೆ. ಅದರ ಅಂಚಿನಲ್ಲಿ ಎರಡೂ ಮಗ್ಗುಲು ಸೇರಿ 260 ಸಂಪರ್ಕ ಬಿಂದುಗಳಿವೆ. ಎಂಟನೆಯ ತರಗತಿಯವರು ಎಣಿಸಿದಾಗ 257 ಬಂತು. ನಾಳೆ ಮಸೂರ ಹಿಡಿದು ಮತ್ತೆ ಎಣಿಸುತ್ತಾರಂತೆ.